ನೂರು ಎಂಬಿಪಿಎಸ್ ಸರಿ, ಯಾವ ಹೊತ್ತಿಗೆ?

ಜಾಹೀರಾತಿನ ಪ್ರಕಾರ ಎರಡೂ ಒಂದೇ. ಗೋಡೆ ಕೊರೆದು ಒಳಬರುವ ಫೈಬರಿಗೂ ನೂರು ಎಂಬಿಪಿಎಸ್, ತಾರಸಿಯ ಮೇಲೆ ಡಬ್ಬಿ ಕೂರಿಸಿ ಟವರಿನಿಂದ ಹಿಡಿಯುವ ನೆಟ್ಟಿಗೂ ನೂರು. 2023ರ ಆಗಸ್ಟಿನಲ್ಲಿ ಏರ್‌ಟೆಲ್ ದೆಹಲಿ, ಮುಂಬೈಗಳಲ್ಲಿ, ಮರುತಿಂಗಳ ಗಣೇಶ ಚೌತಿಯಂದು ಜಿಯೊ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ‘ಏರ್‌ಫೈಬರ್’ ಸೇವೆ ಶುರು ಮಾಡಿದವು. ಅಲ್ಲಿಂದೀಚೆಗೆ ಬಾಡಿಗೆ ಮನೆ ಹಿಡಿದವರೆಲ್ಲ ಕೇಳುವ ಪ್ರಶ್ನೆ: ಯಾವುದು ಹಾಕಿಸೋಣ?

ಮೊದಲು ಆ ನೂರರ ಲೆಕ್ಕ. ಅದು ಬಿಟ್‌ಗಳ ಲೆಕ್ಕ, ನಾವು ಸಿನಿಮಾ ಅಳೆಯುವುದು ಬೈಟ್‌ಗಳಲ್ಲಿ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಒಂದು ಜಿಬಿ ಇಳಿಯಲು ಎಲ್ಲ ಸರಿಯಿದ್ದರೂ 80 ಸೆಕೆಂಡು ಬೇಕು. ಈ ಲೆಕ್ಕ ಎರಡಕ್ಕೂ ಸಮ. ವ್ಯತ್ಯಾಸ ಕಾಣುವುದು ರಾತ್ರಿ ಒಂಬತ್ತಕ್ಕೆ, ಬೀದಿಯವರೆಲ್ಲ ಐಪಿಎಲ್ ಹಾಕಿಕೊಂಡಾಗ.

ಮನೆಗೆ ಬರುವ ಫೈಬರ್ ಕೂಡ ನಿಮ್ಮೊಬ್ಬರದೇ ಅಲ್ಲ. ನಮ್ಮ ಊರುಗಳಲ್ಲಿ ಹೆಚ್ಚಾಗಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಬರುವ ಸುಮಾರು 2.5 ಗಿಗಾಬಿಟ್ ಅನ್ನು ಕಂಬದ ಮೇಲಿನ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಹಂಚುತ್ತದೆ. 32 ಮನೆಗಳೂ ಒಂದೇ ಕ್ಷಣ ನೂರು ನೂರು ಎಳೆದರೆ ಸಾಲದು, ನಿಜ. ಆದರೆ ಹಾಗೆ ಎಳೆಯುವುದು ತೀರಾ ಅಪರೂಪ. ಹೈ ಡೆಫಿನಿಷನ್ ಕ್ರಿಕೆಟ್ಟಿಗೆ ಹತ್ತು ಎಂಬಿಪಿಎಸ್ ಧಾರಾಳ. ಫೈಬರಿನಲ್ಲೂ ರಾತ್ರಿ ನೆಟ್ ತೆವಳಿದರೆ, ಬಹುಪಾಲು ಆಪರೇಟರ್ ಮೇಲಿನಿಂದ ಕೊಳ್ಳುವ ಬ್ಯಾಂಡ್‌ವಿಡ್ತ್‌ನಲ್ಲಿ ಜಿಪುಣತನ ಮಾಡಿದ್ದಾನೆಂದು ಲೆಕ್ಕ. ಫೈಬರಿನೊಳಗಿನ ಗಾಜಿನ ತಪ್ಪಲ್ಲ.

ಟವರಿನ ಕತೆ ಬೇರೆ. ಅಲ್ಲಿ ಹಂಚಿಕೆಯಾಗುವುದು ತರಂಗಾಂತರ, ಅದು ಎಳೆದಷ್ಟು ಬರುವ ವಸ್ತುವಲ್ಲ. ಒಂದು ದಿಕ್ಕಿನಲ್ಲಿರುವ ಮೊಬೈಲುಗಳೂ ತಾರಸಿಯ ಡಬ್ಬಿಗಳೂ ಅದರಲ್ಲೇ ಪಾಲು ಪಡೆಯಬೇಕು. 5ಜಿಯ 3.5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಇಳಿಕೆಗೂ ಏರಿಕೆಗೂ ಒಂದೇ ತರಂಗ, ಸರದಿಯ ಮೇಲೆ. ಸರದಿಯ ಬಹುಪಾಲು ಡೌನ್‌ಲೋಡಿಗೇ ಹೋಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಸ್ಪೀಡ್ ಟೆಸ್ಟ್ ಹಾಕಿ ಹಿಗ್ಗಿದವರು, ಮದುವೆ ವಿಡಿಯೊ ಅಪ್‌ಲೋಡ್ ಮಾಡಲು ಕೂತಾಗ ಬೇರೆಯದೇ ಅಂಕಿ ನೋಡುವುದು ಇದರಿಂದ.

ಇಲ್ಲೊಂದು ತಮಾಷೆಯಿದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡಿದರೆ, ಗಾಳಿಯಲ್ಲಿ ರೇಡಿಯೊ ಅಲೆ ಮೂರು ಲಕ್ಷದ ಹತ್ತಿರ. ಅದಕ್ಕೇ ಷಿಕಾಗೊ, ನ್ಯೂಯಾರ್ಕ್ ನಡುವಿನ ಷೇರು ವ್ಯಾಪಾರಿಗಳು ಫೈಬರ್ ಬಿಟ್ಟು ಮೈಕ್ರೊವೇವ್ ಟವರುಗಳ ಸಾಲು ಹಿಡಿದರು. ಹಾಗಾದರೆ ಮನೆಯಲ್ಲೂ ಗಾಳಿಯೇ ಗೆಲ್ಲಬೇಕಲ್ಲ? ಇಲ್ಲ. ಟವರಿಗೂ ತಾರಸಿಗೂ ನಡುವಿನ ಒಂದು ಕಿಲೋಮೀಟರಿನಲ್ಲಿ ಉಳಿಯುವ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಕಾಯಬೇಕಾಗುವುದು ಪಾಳಿಗಾಗಿ, ಪಂಕ್ತಿಯಲ್ಲಿ ಕೂತವರು ಸಾರಿನ ಬಕೆಟ್ ತಮ್ಮ ಎಲೆಗೆ ಬರುವ ತನಕ ಕಾದಂತೆ. ಆ ಕಾಯುವಿಕೆ ಒಮ್ಮೆ ಚಿಕ್ಕದು, ಒಮ್ಮೆ ದೊಡ್ಡದು. ಸಿನಿಮಾಕ್ಕೆ ಇದು ಗೊತ್ತಾಗುವುದಿಲ್ಲ. ಆನ್‌ಲೈನ್ ಆಟದವರಿಗೆ, ಮನೆಯಿಂದಲೇ ಮೀಟಿಂಗ್ ಮಾಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಗಾಳಿಯಲ್ಲಿ ಹಂಚಲು ಇರುವುದು ಕಡಿಮೆ ಎಂಬುದು ಕಂಪನಿಗಳಿಗೂ ತಿಳಿಯದ ಸಂಗತಿಯಲ್ಲ. ಜಿಯೊ ತನ್ನ ಫೈಬರಿಗೆ ತಿಂಗಳಿಗೆ 3,300 ಜಿಬಿ ಮಿತಿ ಇಟ್ಟರೆ ಏರ್‌ಫೈಬರಿಗೆ ಇಟ್ಟದ್ದು 1,000 ಜಿಬಿ. ಜಾಹೀರಾತಿಗಿಂತ ಈ ಎರಡು ಅಂಕಿಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಆದ್ದರಿಂದ ಫೈಬರ್ ಬಾಗಿಲಿಗೆ ಬರುವುದಾದರೆ ಫೈಬರೇ. ಹನ್ನೊಂದು ತಿಂಗಳ ಕರಾರಿನ ಮನೆ, ಗೋಡೆಗೆ ಮೊಳೆ ಹೊಡೆಯಲೂ ಬಿಡದ ಮಾಲೀಕ ಎಂದಾದರೆ ಡಬ್ಬಿಗೆ ನನ್ನ ತಕರಾರಿಲ್ಲ. ಯಾವುದನ್ನೇ ಹಾಕಿಸಿದರೂ ಬೈಯುವ ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ಸಿಕ್ಕಿಸಿ ನೋಡಿ. ನೆಟ್ ಸ್ಲೋ ಎಂಬ ದೂರುಗಳಲ್ಲಿ ಎಷ್ಟೋ ವೈಫೈ ದಾಟಲಾರದ ಎರಡನೇ ಗೋಡೆಯವು.

ಮಲೆನಾಡಿನಲ್ಲಿ ಈ ಹೋಲಿಕೆ ಸ್ವಲ್ಪ ಅಲುಗಾಡುತ್ತದೆ. ತೀರ್ಥಹಳ್ಳಿ, ಸಾಗರದ ಒಂಟಿಮನೆಗಳಿಗೆ ಫೈಬರ್ ಬರುವುದು ಕಂಬದಿಂದ ಮರಕ್ಕೆ, ಮರದಿಂದ ಕಂಬಕ್ಕೆ ನೇತಾಡಿಕೊಂಡು. ಜುಲೈನಲ್ಲಿ ಒಂದು ಕೊಂಬೆ ಬಿದ್ದರೆ ಸಾಕು, ಮೋಡೆಮ್ಮಿನಲ್ಲಿ ಕೆಂಪು ದೀಪ. ತುಂಡಾದ ಗಾಜನ್ನು ಕೈಯಿಂದ ಹೊಸೆದು ಟೇಪು ಸುತ್ತಿದರೆ ಆಗದು, ಸ್ಪ್ಲೈಸಿಂಗ್ ಮೆಷಿನ್ನೇ ಬರಬೇಕು, ಅದನ್ನು ಹಿಡಿದು ಬರುವ ಹುಡುಗನೂ ಸಿಗಬೇಕು. ಗಾಳಿಯ ನೆಟ್ಟಿಗೆ ಈ ಕಾಟವಿಲ್ಲ. 26 ಗಿಗಾಹರ್ಟ್ಸ್‌ನಂಥ ಎತ್ತರದ ತರಂಗಗಳು ಮಳೆಗೆ ಸೊರಗುತ್ತವೆ, 3.5ಕ್ಕೆ ಮಳೆ ಅಷ್ಟಾಗಿ ತಾಗದು. ಅದಕ್ಕೆ ಅಡ್ಡಿ ಗುಡ್ಡ, ಮತ್ತೆ ದಟ್ಟವಾಗಿ ನೆನೆದ ಎಲೆಗಳು. ಕರೆಂಟು ಹೋದರೆ ಮನೆಯ ಮೋಡೆಮ್ಮಿಗೆ ಸಣ್ಣ ಯುಪಿಎಸ್ ಸಾಕು, ಸ್ಪ್ಲಿಟರಿಗೆ ವಿದ್ಯುತ್ತೇ ಬೇಡ. ಟವರಿಗೆ ಬ್ಯಾಟರಿ ಬೇಕು, ಅದು ಮುಗಿದ ಮೇಲೆ ಡೀಸೆಲ್ ಬೇಕು.

ಒಂದು ಹೋದರೆ ಇನ್ನೊಂದಿರಲಿ ಎಂದು ಎರಡನ್ನೂ ಹಾಕಿಸುವ ಹೋಂಸ್ಟೇಯವರು, ವರ್ಕ್ ಫ್ರಮ್ ಹೋಮ್ ಮಕ್ಕಳಿಗಾಗಿ ಹಾಕಿಸುವ ಅಪ್ಪಂದಿರು ಒಂದು ವಿಚಾರಿಸಿಕೊಳ್ಳಬೇಕು. ಟವರಿನಿಂದಾಚೆ ನೆಟ್ ಬಹುತೇಕ ಫೈಬರಿನಲ್ಲೇ ಹೋಗುತ್ತದೆ, ಇಲ್ಲವಾದರೆ ಮೈಕ್ರೊವೇವ್‌ನಲ್ಲಿ. ಟವರಿನ ಫೈಬರೂ ಮನೆಯ ಫೈಬರೂ ಒಂದೇ ಸಾಲಿನ ಕಂಬಗಳ ಮೇಲಿದ್ದರೆ, ಮರ ಉರುಳಿದ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ಬಿಲ್ಲು ಮಾತ್ರ ಎರಡು ಬರುತ್ತವೆ.