ಚೆಂಡನ್ನು ಹಿಂದಿರುಗಿಸುವ ರಬ್ಬರು

ಇಂಗ್ಲೆಂಡಿನ ಬಿಲಿಯರ್ಡ್ಸ್ ಕೋಣೆಗಳಲ್ಲಿ ಒಂದು ಕಾಲಕ್ಕೆ, ಚಳಿಗಾಲದಲ್ಲಿ ಆಟ ಶುರು ಮಾಡುವ ಮುಂಚೆ ನೀರು ಕಾಯಿಸಬೇಕಾಗುತ್ತಿತ್ತು. ಬಿಸಿನೀರು ತುಂಬಿದ ತಗಡಿನ ಪಾತ್ರೆಗಳನ್ನು ಮೇಜಿನ ಅಂಚಿಗೆ ತಾಗಿಸಿ ಇಟ್ಟು, ಅಂಚಿನೊಳಗಿನ ರಬ್ಬರು ಮೆತ್ತಗಾಗುವವರೆಗೆ ಕಾಯುತ್ತಿದ್ದರು. ಕಾಯದೆ ಆಡಲು ಹೋದರೆ ಚೆಂಡು ಕಲ್ಲಿಗೆ ಬಡಿದಂತೆ ಬಡಿದು, ಎತ್ತಲೋ ಹೋಗಿ ನಿಲ್ಲುತ್ತಿತ್ತು.

ಇಂದು ಗದಗ, ಹುಬ್ಬಳ್ಳಿಗಳಲ್ಲಿ ಪೂಲ್ ಆಡುವ ಹುಡುಗರು ಕ್ಯೂ ನೋಡುತ್ತಾರೆ, ಹಸಿರು ಬಟ್ಟೆ ನೋಡುತ್ತಾರೆ, ಚೆಂಡಿನ ಹೊಳಪು ನೋಡುತ್ತಾರೆ. ಬಟ್ಟೆಯ ಕೆಳಗೆ ಅಡಗಿರುವ ರಬ್ಬರನ್ನು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಮೇಜಿನ ಜೀವ ಇರುವುದೇ ಅಲ್ಲಿ. ಆ ಜೀವ ಅಲ್ಲಿಗೆ ಬಂದ ಕತೆ ದೊಡ್ಡದು.

ಮೊದಮೊದಲು ಅಂಚು ಎಂದರೆ ಚೆಂಡು ಕೆಳಗೆ ಬೀಳದಂತೆ ತಡೆಯುವ ಮರದ ಗೋಡೆ. ಆಮೇಲೆ ಅದಕ್ಕೆ ಬಟ್ಟೆ ಸುತ್ತಿ ಒಳಗೆ ಉಣ್ಣೆಯ ಚೂರು, ಕುದುರೆ ಕೂದಲು ತುಂಬಿದರು. ಹೀಗೆ ತುಂಬಿದ್ದು ಒಂದು ಕಡೆ ಗಂಟು ಕಟ್ಟಿದರೆ ಇನ್ನೊಂದು ಕಡೆ ಟೊಳ್ಳು. ಒಂದೇ ಹೊಡೆತಕ್ಕೆ ಎರಡು ಜಾಗದಲ್ಲಿ ಎರಡು ಉತ್ತರ. ಲಂಡನ್ನಿನ ಮೇಜು ತಯಾರಕ ಜಾನ್ ಥರ್ಸ್ಟನ್ 1826ರಲ್ಲಿ ಮರದ ಹಲಗೆ ತೆಗೆದು ಸ್ಲೇಟು ಕಲ್ಲಿನ ಹಾಸು ತಂದ. ಹಾಸು ಸಮವಾಯಿತು, ಅಂಚಿನ ಕೊರತೆ ಇನ್ನೂ ಎದ್ದು ಕಂಡಿತು. 1835ರಲ್ಲಿ ಅವನು ಅಂಚಿಗೆ ರಬ್ಬರು ಹಾಕಿದ. ಚೆಂಡು ಜಿಗಿದು ಬಂತು, ಆಟಗಾರರು ಹಿಗ್ಗಿದರು. ಚಳಿ ಬಿದ್ದೊಡನೆ ಆ ರಬ್ಬರು ಸೆಟೆದು ಕೂತಿತು. ಬಿಸಿನೀರಿನ ಪಾತ್ರೆಗಳು ಬಂದದ್ದು ಈ ಕಾರಣಕ್ಕೆ.

ತಪ್ಪು ಥರ್ಸ್ಟನ್‌ನದಲ್ಲ, ಹಸಿ ರಬ್ಬರಿನ ಗುಣವೇ ಅದು. ಮರದ ಹಾಲಿನಿಂದ ಬರುವ ಈ ವಸ್ತುವಿನಲ್ಲಿ ಉದ್ದುದ್ದ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕಾದರೆ ಅವು ಒಂದರ ಮೇಲೊಂದು ಜಾರಿ ರಬ್ಬರು ಅಂಟಂಟಾಗುತ್ತದೆ, ತಣಿದರೆ ಬಿಗಿದು ಪೆಡಸಾಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗುವ ನಮ್ಮ ಲಕ್ಷ್ಮೇಶ್ವರದಲ್ಲಿ ಅಂಥ ಮೇಜು ಇಟ್ಟಿದ್ದರೆ, ಏಪ್ರಿಲ್ ಮುಗಿಯುವುದರೊಳಗೆ ರಬ್ಬರು ಬಟ್ಟೆಗೆ ಮೆತ್ತಿಕೊಂಡಿರುತ್ತಿತ್ತು.

ದಾರಿ ಸಿಕ್ಕಿದ್ದು ಅಮೆರಿಕದಲ್ಲಿ. ಚಾರ್ಲ್ಸ್ ಗುಡ್‌ಇಯರ್ ಸಾಲಕ್ಕಾಗಿ ಜೈಲು ಕಂಡವನು, ರಬ್ಬರಿನ ಹುಚ್ಚು ಹಿಡಿದವನು. ರಬ್ಬರಿಗೆ ಗಂಧಕ ಬೆರೆಸಿ ನೋಡುತ್ತಿದ್ದ. 1839ರಲ್ಲಿ ಆ ಮಿಶ್ರಣದ ತುಂಡೊಂದು ಬಿಸಿ ಒಲೆಗೆ ತಾಗಿತು. ಕರಗಿ ಹರಿಯಬೇಕಾಗಿದ್ದದ್ದು ಚರ್ಮದಂತೆ ಸುಟ್ಟು ನಿಂತಿತು, ಸುಟ್ಟ ಭಾಗದ ಅಂಚಿನಲ್ಲಿ ಮಾತ್ರ ಹದವಾಗಿ ಬಾಗುವ ರಬ್ಬರು ಉಳಿದಿತ್ತು. ಗಂಧಕ ಆ ಸರಪಳಿಗಳ ನಡುವೆ ಕೊಂಡಿ ಹಾಕಿತ್ತು. ಎಳೆದರೂ ಒತ್ತಿದರೂ ಕೊಂಡಿಗಳು ಅವನ್ನು ತಮ್ಮ ಜಾಗಕ್ಕೆ ಮರಳಿ ತರುತ್ತವೆ. ಅದು ಬರೀ ಅದೃಷ್ಟ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಅದನ್ನೇ ಹುಡುಕುತ್ತಿದ್ದವನ ಕಣ್ಣಿಗೆ ಮಾತ್ರ ಆ ಸುಟ್ಟ ತುಂಡಿನ ಅರ್ಥ ಹೊಳೆಯಿತು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಗುಡ್‌ಇಯರ್‌ನ ಮಾದರಿಗಳನ್ನು ನೋಡಿ, ತಾನೂ ಪ್ರಯೋಗ ಮಾಡಿ, ಅವನಿಗಿಂತ ಮೊದಲೇ ಅಲ್ಲಿ ಪೇಟೆಂಟ್ ಪಡೆದ. 1860ರಲ್ಲಿ ತೀರಿಕೊಂಡಾಗಲೂ ಗುಡ್‌ಇಯರ್‌ನ ಸಾಲ ತೀರಿರಲಿಲ್ಲ.

ಇತ್ತ ಥರ್ಸ್ಟನ್ 1845ರಲ್ಲಿ ಹೀಗೆ ಗಂಧಕದಿಂದ ಹದ ಮಾಡಿದ ರಬ್ಬರನ್ನು ಅಂಚಿಗೆ ತಂದ. ಬಿಸಿನೀರಿನ ಕೆಲಸ ಮುಗಿಯಿತು. ಮುಂದೆ 1875ರಲ್ಲಿ ಜಬಲ್ಪುರದ ಸೇನಾ ಶಿಬಿರದಲ್ಲಿ ಬಿಲಿಯರ್ಡ್ಸ್ ಮೇಜಿನ ಮೇಲೆಯೇ ಸ್ನೂಕರ್ ಹುಟ್ಟಿತು, ಅದರ ನಿಯಮಗಳು ಆಮೇಲೆ ಊಟಿ ಕ್ಲಬ್‌ನಲ್ಲಿ ರೂಪ ಪಡೆದವು. ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಗುವ ಆ ಊರಿನ ಡಿಸೆಂಬರ್ ಚಳಿ ಬಲ್ಲವರಿಗೆ, ಹಸಿ ರಬ್ಬರಿನ ಮೇಜು ಅಲ್ಲಿ ಏನಾಗುತ್ತಿತ್ತು ಎಂದು ಹೇಳಬೇಕಿಲ್ಲ. ಮುಂದೆ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ವಿಶ್ವ ಪ್ರಶಸ್ತಿಗಳನ್ನು ಸಾಲುಸಾಲಾಗಿ ಗೆದ್ದದ್ದೂ ಈ ರಬ್ಬರನ್ನು ನಂಬಿಯೇ. ಬಿಲಿಯರ್ಡ್ಸ್‌ನಲ್ಲಿ ಅಂಚಿನ ಲೆಕ್ಕ ತಪ್ಪಿದರೆ ಉಳಿದ ಕೌಶಲವೆಲ್ಲ ವ್ಯರ್ಥ.

ಈಗ ರಬ್ಬರು ಮಾಡುವ ಕೆಲಸವನ್ನು ಹತ್ತಿರದಿಂದ ನೋಡೋಣ. ಕೇರಂ ಬೋರ್ಡಿನ ಚೌಕಟ್ಟು ಗಟ್ಟಿ ಮರ, ಸ್ಟ್ರೈಕರ್ ತಾಗಿದೊಡನೆ ಹಿಂದಿರುಗುತ್ತದೆ. ಪೂಲ್ ಮೇಜಿನ ರಬ್ಬರು ಚೆಂಡನ್ನು ಕ್ಷಣ ಮಾತ್ರ ಒಳಗೆ ಇಳಿಸಿಕೊಂಡು ಆಮೇಲೆ ಹೊರಗೆ ಬಿಡುತ್ತದೆ. ಓರೆಯಾಗಿ ಮೆಲ್ಲಗೆ ಹೊಡೆದರೆ ಚೆಂಡು ಹೆಚ್ಚುಕಡಿಮೆ ಹೋದ ಕೋನದಲ್ಲೇ ಹೊರಡುತ್ತದೆ. ಅದೇ ಜಾಗಕ್ಕೆ ಬಿರುಸಾಗಿ ಹೊಡೆಯಿರಿ, ರಬ್ಬರು ಆಳಕ್ಕೆ ಕುಗ್ಗಿ ಚೆಂಡನ್ನು ಹೆಚ್ಚು ನೇರಕ್ಕೆ ತಳ್ಳುತ್ತದೆ. ಅಂಚಿಗೆ ತಾಗಿಸಿ ಚೆಂಡನ್ನು ಪಾಕೆಟ್‌ಗೆ ಕಳಿಸುವ ಬ್ಯಾಂಕ್ ಶಾಟ್ ಗುರಿ ತಪ್ಪುವುದು ಬಹಳ ಸಲ ಇದರಿಂದಲೇ.

ರಬ್ಬರಿನ ಮೂತಿ, ಅಂದರೆ ಚೆಂಡಿಗೆ ತಾಗುವ ಅದರ ತುದಿ, ಎಷ್ಟು ಎತ್ತರದಲ್ಲಿರಬೇಕು ಎಂಬುದೂ ಮುಖ್ಯ. ಥರ್ಸ್ಟನ್ ಮೊದಲ ರಬ್ಬರು ಹಾಕಿದ 1835ರಲ್ಲೇ ಫ್ರೆಂಚ್ ಗಣಿತಜ್ಞ ಕೊರಿಯೋಲಿಸ್ ಬಿಲಿಯರ್ಡ್ಸ್ ಚೆಂಡಿನ ಚಲನೆಯ ಮೇಲೆ ಒಂದು ಇಡೀ ಪುಸ್ತಕ ಬರೆದ. ಚೆಂಡಿನ ವ್ಯಾಸದ ಹತ್ತರಲ್ಲಿ ಏಳರಷ್ಟು ಎತ್ತರದಲ್ಲಿ ಅಡ್ಡಲಾಗಿ ಹೊಡೆತ ಬಿದ್ದರೆ ಚೆಂಡು ಜಾರದೆ ಉರುಳುತ್ತದೆ ಎಂಬುದು ಲೆಕ್ಕ. ಆದರೆ ಅಷ್ಟು ಎತ್ತರದ ಮೂತಿ ಚೆಂಡನ್ನು ಬಟ್ಟೆಗೆ ಅದುಮುತ್ತದೆ, ತೀರಾ ತಗ್ಗಾದರೆ ಚೆಂಡು ಎಗರುತ್ತದೆ. ಅದಕ್ಕೇ ಪೂಲ್ ಮೇಜಿನಲ್ಲಿ ವ್ಯಾಸದ ಶೇ. 63.5 ಎಂದು ನಿಗದಿಯಾಗಿದೆ. 57.15 ಮಿ.ಮೀ. ಚೆಂಡಿಗೆ ಇದು ಸುಮಾರು 36 ಮಿ.ಮೀ.

ಹದ ಮಾಡಿದ ರಬ್ಬರಿಗೂ ಮುಪ್ಪಿದೆ. ಗಾಳಿ, ಬಿಸಿಲಿನಿಂದ ಅದು ವರ್ಷ ಕಳೆದಂತೆ ಪೆಡಸಾಗಿ ಬಿರಿಯುತ್ತದೆ. ನಮ್ಮ ಕಡೆ ಪೂಲ್ ಕೋಣೆ ನಡೆಸುವವರಲ್ಲಿ ಒಂದು ಮನವಿ. ಬಟ್ಟೆ ಬದಲಿಸುವ ದಿನ ಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲ ಕಡೆ ಒಂದೇ ಸಮ ಪುಟಿಯಬೇಕು. ಆಮೇಲೆ ಒಂದು ಚೆಂಡನ್ನು ಉದ್ದಕ್ಕೆ ನೇರವಾಗಿ, ಬಿಗಿಯಾಗಿ ಹೊಡೆಯಿರಿ. ಅದು ಮೇಜಿನ ಉದ್ದವನ್ನು ನಾಲ್ಕು, ನಾಲ್ಕೂವರೆ ಸಲ ಕ್ರಮಿಸದಿದ್ದರೆ ಹೊಸ ಬಟ್ಟೆಗೆ ಹಾಕುವ ದುಡ್ಡನ್ನು ಮೊದಲು ರಬ್ಬರಿಗೆ ಹಾಕಿ.