ಅರಿಶಿನ ತಿಂದರೆ ಕರುಳಿನ ಕ್ಯಾನ್ಸರ್ ಗುಣವಾಗುವುದೇ?

"ಸಿಸ್ಟರ್, ಅರಿಶಿನ ಕ್ಯಾನ್ಸರ್ ಗಡ್ಡೆಯನ್ನು ಕರಗಿಸುತ್ತದಂತೆ. ಹಾಲಿನಲ್ಲಿ ಹಾಕಿ ಕೊಟ್ಟರೆ ಕಿಮೋ ಬಿಡಬಹುದೇ?" ರೋಗಿಗಳ ಮನೆಯವರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆ ಇದು. ಕೆಲವರು ಕೇಳುವುದೇ ಇಲ್ಲ. ಬೈಯುತ್ತಾರೆಂದು ಹೆದರಿ, ಪುಡಿಯ ಪೊಟ್ಟಣವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಈ ವಿಷಯವನ್ನು ದಯವಿಟ್ಟು ಪೂರ್ತಿ ಓದಿ.

ಗಿಡಮರಗಳಿಂದ ಕ್ಯಾನ್ಸರ್ ಔಷಧಿ ಬರುತ್ತದೆಯೇ?

ಖಂಡಿತ ಬರುತ್ತದೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಡ್ರಿಪ್ ಮೂಲಕ ಕೊಡುವ ಇರಿನೋಟೆಕಾನ್ ಎಂಬ ಔಷಧಿಯ ಮೂಲ ಒಂದು ಮರ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾಣಿ ಎಂಬ ವಿಜ್ಞಾನಿಗಳು, ಚೀನಾ ದೇಶದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಅಂಶವನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಇದೇ ಅಂಶವಿದೆ. ಕ್ಯಾನ್ಸರ್ ಜೀವಕೋಶ ಒಂದು ಎರಡಾಗುವುದನ್ನು ಇದು ತಡೆಯುತ್ತದೆ.

ಆದರೆ ಆ ಅಂಶವನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವ, ತೀವ್ರ ಭೇದಿ ಕಾಣಿಸಿಕೊಂಡವು. ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಮುಂದೆ ಅದರ ರಚನೆಯನ್ನು ಬದಲಿಸಿ ಇರಿನೋಟೆಕಾನ್ ತಯಾರಿಸಿದರು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ, ಅಂದರೆ 30 ವರ್ಷಗಳ ನಂತರ. ಮರದಲ್ಲಿ ಔಷಧಿಯ ಅಂಶವಿತ್ತು, ನಿಜ. ಆದರೆ ಮರವೇ ಔಷಧಿಯಾಗಿರಲಿಲ್ಲ.

ಹಾಗಾದರೆ ಅರಿಶಿನ?

ಅರಿಶಿನದ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ಅಂಶ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಇದು ತಗ್ಗಿಸಿದೆ. ನೀವು ಕೇಳಿದ ಸುದ್ದಿಯ ಮೂಲ ಇದೇ ಇರಬಹುದು. ಆದರೆ ಇದು ನೀರಿನಲ್ಲಿ ಕರಗುವುದಿಲ್ಲ. ನುಂಗಿದ್ದರಲ್ಲಿ ಹೆಚ್ಚಿನ ಪಾಲು ಮಲದೊಂದಿಗೆ ಹೊರಹೋಗುತ್ತದೆ. ರಕ್ತ ಸೇರಿದ ಸ್ವಲ್ಪವನ್ನೂ ಲಿವರ್ ಬೇಗನೆ ಬದಲಿಸಿ ಹೊರಹಾಕುತ್ತದೆ. ಗಾಜಿನ ತಟ್ಟೆಯಲ್ಲಿ ಸಿಕ್ಕ ಫಲ ದೇಹದಲ್ಲಿ ಸಿಗದಿರಲು ಇದು ದೊಡ್ಡ ಕಾರಣ.

ನ್ಯಾನೋ ಕಣ ಎಂದರೇನು?

ಈ ತೊಡಕನ್ನು ನೀಗಲು ವಿಜ್ಞಾನಿಗಳು ಔಷಧಿಯನ್ನು ಅತಿ ಸಣ್ಣ ಕೊಬ್ಬಿನ ಗುಳ್ಳೆಯಲ್ಲಿ ಅಥವಾ ಬೇರೆ ಪದಾರ್ಥದ ಕಣದಲ್ಲಿ ತುಂಬಿ ಕಳಿಸುತ್ತಾರೆ. ಇದು ತಲೆಗೂದಲಿನ ದಪ್ಪಕ್ಕಿಂತ ನೂರಾರು ಪಟ್ಟು ಸಣ್ಣದು. ಗಡ್ಡೆಯ ರಕ್ತನಾಳಗಳ ಗೋಡೆಯಲ್ಲಿ ಸಂದುಗಳಿರುವುದರಿಂದ ಕಣಗಳು ಅಲ್ಲಿ ಸೋರಿ ಒಳಸೇರಲಿ ಎಂಬುದು ಉದ್ದೇಶ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಮನುಷ್ಯರಲ್ಲಿ ಅಷ್ಟೇ ಚೆನ್ನಾಗಿ ನಡೆದಿಲ್ಲ. ಇರಿನೋಟೆಕಾನ್ ತುಂಬಿದ ಇಂತಹ ಗುಳ್ಳೆಗಳಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ. ಕರ್ಕ್ಯುಮಿನ್ ಕಣಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಅಂಗಡಿಯಲ್ಲಿ "ನ್ಯಾನೋ ಅರಿಶಿನ" ಎಂದು ಮಾರುವ ಗುಳಿಗೆ ಕ್ಯಾನ್ಸರಿಗೆ ಚಿಕಿತ್ಸೆಯಲ್ಲ.

ನೀವು ಏನು ಮಾಡಬೇಕು?

* ಸಾರು, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಹೆದರಬೇಡಿ. ಎಂದಿನಂತೆ ಊಟ ಮಾಡಿ.
* ಅರಿಶಿನದ ಗುಳಿಗೆ, ನಾಟಿ ಔಷಧಿ, ಕಷಾಯ ಏನೇ ತೆಗೆದುಕೊಳ್ಳುತ್ತಿದ್ದರೂ ನಮಗೆ ತೋರಿಸಿ. ಹೆಚ್ಚು ಪ್ರಮಾಣದ ಅರಿಶಿನದ ಗುಳಿಗೆಗಳಿಂದ ಲಿವರ್‌ಗೆ ತೊಂದರೆಯಾದದ್ದುಂಟು. ಕೆಲವು ಮೂಲಿಕೆಗಳು ಕಿಮೋ ಔಷಧಿಯ ಬಲವನ್ನು ಹೆಚ್ಚುಕಡಿಮೆ ಮಾಡುತ್ತವೆ.
* ಆಪರೇಷನ್ನಿಗೆ ಮುಂಚೆ ತಪ್ಪದೇ ಹೇಳಿ. ಕೆಲವು ಮೂಲಿಕೆಗಳಿಂದ ರಕ್ತಸ್ರಾವ ಹೆಚ್ಚಾಗಬಹುದು.
* ಇರಿನೋಟೆಕಾನ್ ಪಡೆದವರಿಗೆ ಮನೆಗೆ ಹೋದ ಮೇಲೂ ಭೇದಿ ಶುರುವಾಗಬಹುದು. ಮನೆಮದ್ದು ಮಾಡುತ್ತಾ ಕಾಯಬೇಡಿ. ವೈದ್ಯರು ಕೊಟ್ಟ ಗುಳಿಗೆಯನ್ನು ಹೇಳಿದಂತೆ ನುಂಗಿ, ಕೂಡಲೇ ಆಸ್ಪತ್ರೆಗೆ ತಿಳಿಸಿ. ಜ್ವರ ಬಂದರೆ ತಕ್ಷಣ ಬನ್ನಿ.
* ಯಾರದೋ ಮಾತು ಕೇಳಿ ಕಿಮೋ ನಿಲ್ಲಿಸಬೇಡಿ. ಮುಂಚಿತವಾಗಿ ಪತ್ತೆಯಾದ ಕರುಳಿನ ಕ್ಯಾನ್ಸರ್ ಬಹಳಷ್ಟು ಜನರಲ್ಲಿ ಗುಣವಾಗುತ್ತದೆ. ಕಳೆದ ತಿಂಗಳುಗಳು ಮಾತ್ರ ಮತ್ತೆ ಸಿಗುವುದಿಲ್ಲ.

ದಿಂಬಿನ ಕೆಳಗಿನ ಪೊಟ್ಟಣವನ್ನು ನಾಳೆ ರೌಂಡ್ಸಿನ ಹೊತ್ತಿಗೆ ಮೇಜಿನ ಮೇಲೆ ಇಡಿ. ನಾವು ಬೈಯುವುದಿಲ್ಲ. ವೈದ್ಯರಿಗೆ ತೋರಿಸಿ, ಯಾವುದು ಇರಲಿ, ಯಾವುದು ಬೇಡ ಎಂದು ಕೇಳಿ ನಿಮಗೆ ತಿಳಿಸುತ್ತೇವೆ.