ಕಾರಿನ ಮ್ಯಾಟ್ ಒದ್ದೆಯಾದರೆ ಎಸಿ ನೀರೆಂದು ಸುಮ್ಮನಿರಬೇಡಿ

ನಮ್ಮ ಕರಾವಳಿಯ ಸೆಕೆಗೆ ಕಾರಿನಲ್ಲಿ ಹೀಟರ್ ಯಾಕೆ ಎಂದು ಕೇಳುವವರೇ ಹೆಚ್ಚು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ವರ್ಷವಿಡೀ ಅದನ್ನು ಮುಟ್ಟದವರಿದ್ದಾರೆ. ಆದರೆ ಬಳಸದಿದ್ದರೂ ಹೀಟರ್ ಕೋರ್ ಹಾಳಾಗುತ್ತದೆ. ಆಗ ಪೆಟ್ಟು ಬೀಳುವುದು ಇಂಜಿನ್‌ಗೆ.

ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಪುಟ್ಟ ರೇಡಿಯೇಟರ್. ಇಂಜಿನ್‌ನಲ್ಲಿ ಸುಮಾರು 90 ಡಿಗ್ರಿ ಬಿಸಿಯಾದ ಕೂಲೆಂಟ್ ಒಂದು ಹೋಸ್‌ನಲ್ಲಿ ಇದಕ್ಕೆ ಬಂದು, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ಬ್ಲೋವರ್ ಗಾಳಿ ಇದರ ಮೂಲಕ ಹಾದು ಬಿಸಿಯಾಗುತ್ತದೆ. ಬಹಳಷ್ಟು ಕಾರುಗಳಲ್ಲಿ ಹೀಟರ್ ಆಫ್ ಇದ್ದರೂ ಕೂಲೆಂಟ್ ಹರಿಯುತ್ತಲೇ ಇರುತ್ತದೆ. ಗಾಳಿಯ ದಾರಿ ಮಾತ್ರ ಮುಚ್ಚಿರುತ್ತದೆ.

ಹಾಳಾಗುವುದು ಯಾಕೆ?

ಕೂಲೆಂಟ್‌ನಲ್ಲಿರುವ ತುಕ್ಕು ತಡೆಯುವ ಅಂಶ ವರ್ಷ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಮನೆಯವರು ಗಲ್ಫ್‌ನಲ್ಲಿದ್ದು, ಕಾರು ಶೆಡ್‌ನಲ್ಲೇ ನಿಂತಿದ್ದರೂ ಇದು ತಪ್ಪುವುದಿಲ್ಲ. ಕಿಲೋಮೀಟರ್ ಓಡಿಲ್ಲ ಎಂದು ಕೂಲೆಂಟ್ ಬದಲಿಸದೆ ಬಿಡುವುದು, ಕಡಿಮೆಯಾದಾಗ ಬಾವಿ ನೀರು ಸುರಿಯುವುದು ಎರಡೂ ತಪ್ಪು. ಉಪ್ಪಿನಂಶ, ತುಕ್ಕು ಸೇರಿ ತೆಳುವಾದ ಕೊಳವೆಗಳು ತೂತಾಗುತ್ತವೆ ಅಥವಾ ಕಟ್ಟಿಕೊಳ್ಳುತ್ತವೆ.

ಗುರುತಿಸುವುದು ಹೇಗೆ?

ಎಸಿ ಡ್ರೈನ್ ಪೈಪ್ ಕಟ್ಟಿದರೂ ಮ್ಯಾಟ್ ಒದ್ದೆಯಾಗುತ್ತದೆ. ಆದರೆ ಅದು ಬಣ್ಣ, ವಾಸನೆ ಇಲ್ಲದ ಬರೀ ನೀರು. ಕೂಲೆಂಟ್ ಹಸಿರು, ಕೆಂಪು ಅಥವಾ ನೀಲಿ ಬಣ್ಣದ್ದು, ಕೈಗೆ ಅಂಟು, ಸಿಹಿ ವಾಸನೆ. ಗಾಜಿನ ಒಳಗೆ ಎಣ್ಣೆಯಂಥ ಪೊರೆ ಕೂರುವುದು, ಬಾಟಲಿಯಲ್ಲಿ ಕೂಲೆಂಟ್ ಇಳಿಯುತ್ತಿದ್ದರೂ ಕಾರಿನ ಅಡಿ ಒಣಗಿರುವುದು ಕೂಡ ಇದರ ಲಕ್ಷಣ. ಬಾಯಿ ಹಾಕಿ ರುಚಿ ನೋಡಬೇಡಿ. ಕೂಲೆಂಟ್ ವಿಷ. ಮಕ್ಕಳು, ಬೆಕ್ಕುಗಳು ಹತ್ತಿರ ಹೋಗದಂತೆ ಕೂಡಲೇ ಒರೆಸಿ.

ನಿರ್ಲಕ್ಷಿಸಿದರೆ ಕೂಲೆಂಟ್ ಖಾಲಿಯಾಗಿ ಇಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಮೇಲಿನ ಬಿಲ್ಲಿನ ಮುಂದೆ ಹೀಟರ್ ಕೋರ್ ಖರ್ಚು ಏನೂ ಅಲ್ಲ.

ಬೈಪಾಸ್ ಸಾಕೇ?

ಎರಡು ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೋರ್ ತಪ್ಪಿಸುವುದೇ ಬೈಪಾಸ್. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಇದು ಒಳ್ಳೆಯ ಉಪಾಯ. ಆದರೆ ಮಳೆಗಾಲದಲ್ಲಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವವರಿಗೆ ಮಂಜು ಹಿಡಿದ ಗಾಜು ಬೇಗ ತಿಳಿಯಾಗಲು ಎಸಿ ಜೊತೆ ಬಿಸಿ ಗಾಳಿಯೂ ಬೇಕು. ಸೋರಿಕೆ ನಿಲ್ಲಿಸುವ ಪುಡಿ, ದ್ರವ ಹಾಕಿದರೆ ರೇಡಿಯೇಟರ್ ಕೂಡ ಕಟ್ಟಿಕೊಳ್ಳಬಹುದು.

ಬದಲಿಸುವಾಗ

ಹೆಚ್ಚಿನ ಹಳೆಯ ಕಾರುಗಳಲ್ಲಿ ಪಾರ್ಟ್‌ಗಿಂತ ಕೂಲಿಯೇ ಜಾಸ್ತಿ. ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾದರೆ ಒಂದು ದಿನವೇ ಹಿಡಿಯಬಹುದು. ಹಾಗಾಗಿ ಕೆಲಸಕ್ಕೆ ಕೊಡುವ ಮುನ್ನ ಗ್ಯಾರೇಜಿನವರ ಬಳಿ ಇಷ್ಟು ಮಾತಾಡಿ:

* ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕ್ಯಾಪ್ ತೆಗೆಯಬೇಕು. ಏರ್‌ಬ್ಯಾಗ್ ಇದ್ದರೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಬೇಕು.
* ಎಸಿ ಪೈಪ್ ಬಿಚ್ಚಬೇಕಾದರೆ ಗ್ಯಾಸನ್ನು ಮೆಷಿನ್‌ನಲ್ಲಿ ತೆಗೆಯಬೇಕು, ಗಾಳಿಗೆ ಬಿಡಬಾರದು.
* ಹಳೆಯ ಹೋಸ್, ಕ್ಲಿಪ್, ಸೀಲ್‌ಗಳನ್ನು ಆಗಲೇ ಬದಲಿಸಿ. ಇನ್ನೊಮ್ಮೆ ಬಿಚ್ಚಿದರೆ ಕೂಲಿಯೂ ಇನ್ನೊಮ್ಮೆ.
* ಹಳೆಯ ಕೂಲೆಂಟ್ ತೆಗೆದು ಫ್ಲಶ್ ಮಾಡಿಸಿ. ಕಂಪೆನಿ ಹೇಳಿದ ಕೂಲೆಂಟನ್ನೇ ಹಾಕಿ. ರೆಡಿ ಮಿಕ್ಸ್ ಅಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ.
* ಹೀಟರ್ ಫುಲ್ ಇಟ್ಟು ಇಂಜಿನ್ ಓಡಿಸಿ ಒಳಗಿನ ಗಾಳಿ ತೆಗೆಸಿ. ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲೇ ಪ್ರೆಷರ್ ಟೆಸ್ಟ್ ಮಾಡಿಸಿ.

ಮರುದಿನ ಬೆಳಿಗ್ಗೆ ತಣ್ಣಗಿನ ಇಂಜಿನ್‌ನಲ್ಲಿ ಕೂಲೆಂಟ್ ಮಟ್ಟ ನೋಡಿ. ಸ್ವಲ್ಪ ಇಳಿದಿದ್ದರೆ ತುಂಬಿಸಿ. ದಿನಾ ಇಳಿಯುತ್ತಿದ್ದರೆ ಗ್ಯಾರೇಜಿಗೆ ವಾಪಸ್ ಕೊಂಡುಹೋಗಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಟೆಸ್ಟ್ ಡ್ರೈವ್‌ನಲ್ಲಿ ಎಸಿ ಮಾತ್ರ ನೋಡಬೇಡಿ. ಇಂಜಿನ್ ಬಿಸಿಯಾದ ಮೇಲೆ ಹೀಟರ್ ಹಾಕಿ, ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಬಿಸಿ ಗಾಳಿ ಬರದಿದ್ದರೆ ಬಾನೆಟ್ ತೆರೆದು ಹೋಸ್ ಬೈಪಾಸ್ ಆಗಿದೆಯೇ ಎಂದು ಪರೀಕ್ಷಿಸಿ.

ಮಾರುವವರೂ ಬೈಪಾಸ್ ಮಾಡಿದ್ದರೆ ಮೊದಲೇ ಹೇಳಿ ರೇಟ್ ಮಾತಾಡಲಿ. ಸರಕಿನ ದೋಷ ಮುಚ್ಚಿಟ್ಟು ಮಾರಬಾರದು ಎಂಬುದು ನಮ್ಮ ದೀನ್ ಕಲಿಸಿದ ವ್ಯಾಪಾರ ನೀತಿ. ಆ ಕಾರಿನಲ್ಲಿ ನಾಳೆ ಘಾಟಿ ಹತ್ತುವುದು ಇನ್ನೊಬ್ಬರ ಮಕ್ಕಳು.